ಗೊತ್ತಾದ ಬಜೆಟ್, ಗೊತ್ತಿಲ್ಲದ ಊರು: ಬಡಾವಣೆ ಮತ್ತು ಮನೆಯನ್ನು ಆರಿಸಿಕೊಳ್ಳುವ ಬಗೆ

ಕೆಲಸದ ಬದಲಾವಣೆ, ಮಕ್ಕಳ ಓದು, ವಯಸ್ಸಾದ ತಂದೆ ತಾಯಿಯರ ಆರೈಕೆ, ಹೀಗೆ ಯಾವುದಾದರೊಂದು ಕಾರಣಕ್ಕೆ ಪರಿಚಯವಿಲ್ಲದ ಊರಿಗೆ ಹೋಗಿ ನೆಲೆಸಬೇಕಾದಾಗ ಹೆಚ್ಚಿನವರು ಮೊದಲು ಮನೆಗಳ ಜಾಹೀರಾತು ತೆರೆದು, ಬೆಲೆಯ ಮಿತಿಯನ್ನು ನಮೂದಿಸಿ, ಚಿತ್ರದಲ್ಲಿ ಚೆನ್ನಾಗಿ ಕಂಡ ಮನೆಗಳ ಬೆನ್ನು ಹತ್ತುತ್ತಾರೆ. ಈ ಕ್ರಮ ತಲೆಕೆಳಗಾಗಿದೆ. ಗೋಡೆಯ ಬಣ್ಣ, ಅಡುಗೆಮನೆಯ ಕಪಾಟು, ನಲ್ಲಿ, ಬಾಗಿಲು ಇವೆಲ್ಲವನ್ನೂ ಕೈಯಲ್ಲಿ ಹಣ ಆಡಿದಾಗ ಒಂದೊಂದಾಗಿ ಬದಲಾಯಿಸಿಕೊಳ್ಳಬಹುದು. ಆದರೆ ಮನೆಯಿಂದ ಕಚೇರಿಗಿರುವ ದೂರ, ಬೀದಿಯ ಸದ್ದು, ಮಳೆಗಾಲದಲ್ಲಿ ನೀರು ಹರಿಯುವ ದಿಕ್ಕು ಇವು ಯಾರ ಕೈಯಿಂದಲೂ ಬದಲಾಗುವಂಥವಲ್ಲ. ಆದ್ದರಿಂದ ಮೊದಲು ಹಣದ ಲೆಕ್ಕ, ಆಮೇಲೆ ಬಡಾವಣೆ, ಕೊನೆಗೆ ಮನೆ ಎಂಬ ಕ್ರಮದಲ್ಲಿ ಹೋಗುವುದು ಒಳ್ಳೆಯದು.

ಇದರ ಜೊತೆಗೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಇನ್ನೊಂದು ಸಂಗತಿ ಇದೆ. ಯಾವ ಮನೆಯೂ ಕಾರಣವಿಲ್ಲದೆ ಅಗ್ಗವಾಗಿರುವುದಿಲ್ಲ. ನಗರದ ನಡುಭಾಗದಿಂದ ದೂರ ಹೋದಂತೆ ಜಾಗದ ಬೆಲೆ ಏಕೆ ಇಳಿಯುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ವಿಲಿಯಂ ಅಲೋನ್ಸೊ 1964ರಲ್ಲಿ ವಿವರಿಸಿದ್ದರು: ಬೆಲೆಯಲ್ಲಿ ಉಳಿದದ್ದು ಓಡಾಟದ ಹಣ ಮತ್ತು ಸಮಯವಾಗಿ ಖರ್ಚಾಗುತ್ತದೆ. ಸೀಮಿತ ಬಜೆಟ್ ಇರುವವರು ಪ್ರತಿ ಮನೆಯ ಎದುರು ನಿಂತು ಕೇಳಿಕೊಳ್ಳಬೇಕಾದ ಪ್ರಶ್ನೆ ಹೀಗಿದೆ: ಇದರ ಬೆಲೆ ಯಾವ ಕಾರಣಕ್ಕೆ ಇಳಿದಿದೆ, ಆ ಕಾರಣ ನಮ್ಮ ಸಂಸಾರಕ್ಕೆ ತಟ್ಟುತ್ತದೆಯೇ? ಇತರರು ಹಿಂಜರಿಯುವ, ಆದರೆ ನಿಮಗೆ ತೊಂದರೆ ಕೊಡದ ಕೊರತೆ ಇರುವ ಮನೆಯಲ್ಲೇ ಉಳಿತಾಯವಿದೆ.

ಬಜೆಟ್ಟನ್ನು ಬಿಡಿಸಿ ಬರೆಯಿರಿ

ಕೈಯಲ್ಲಿ ಇಷ್ಟಿದೆ ಎಂಬ ಒಂದೇ ಮೊತ್ತದಿಂದ ಕೆಲಸ ನಡೆಯುವುದಿಲ್ಲ. ಒಂದೇ ಸಲಕ್ಕೆ ಹೋಗುವ ಹಣ ಮತ್ತು ತಿಂಗಳು ತಿಂಗಳೂ ಹೋಗುವ ಹಣ ಎಂದು ಎರಡು ಪಟ್ಟಿ ಮಾಡಬೇಕು. ಮೊದಲ ಪಟ್ಟಿಯಲ್ಲಿ ಮುಂಗಡ ಅಥವಾ ಠೇವಣಿ, ದಳ್ಳಾಳಿಯ ಕಮಿಷನ್, ನೋಂದಣಿ ಮತ್ತು ವಕೀಲರ ಖರ್ಚು, ಸಾಮಾನು ಸಾಗಣೆ, ಹೊಸ ಮನೆಗೆ ಹೊಂದದ ಪರದೆ ಮತ್ತು ಬೀರುಗಳಿಗೆ ಬದಲಿ, ಹಳೆಯ ಮನೆಗೂ ಹೊಸ ಮನೆಗೂ ಒಟ್ಟಿಗೆ ಹಣ ಕಟ್ಟಬೇಕಾಗುವ ಕೆಲವು ವಾರಗಳು ಸೇರುತ್ತವೆ. ಈ ಕೊನೆಯ ಬಾಬ್ತನ್ನು ಮರೆಯುವವರೇ ಹೆಚ್ಚು. ಎರಡನೆಯ ಪಟ್ಟಿಯಲ್ಲಿ ಬಾಡಿಗೆ ಅಥವಾ ಸಾಲದ ಕಂತು, ನಿರ್ವಹಣಾ ಶುಲ್ಕ, ತೆರಿಗೆ, ವಿಮೆ, ನೀರು, ವಿದ್ಯುತ್, ಇಂಟರ್ನೆಟ್ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಮನೆಮಂದಿಯೆಲ್ಲರ ಓಡಾಟದ ವೆಚ್ಚ ಇರಬೇಕು.

ವಸತಿಗೆ ಆದಾಯದ ಶೇ 30ಕ್ಕಿಂತ ಹೆಚ್ಚು ಹೋಗಬಾರದು ಎಂಬ ಅಳತೆ ಅಮೆರಿಕದ ವಸತಿ ನೀತಿಯಿಂದ ಹರಡಿದ್ದು. ಆದರೆ ಅದು ಓಡಾಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದನ್ನು ತಿದ್ದುವ ಸಲುವಾಗಿ ಷಿಕಾಗೊದ ಸೆಂಟರ್ ಫಾರ್ ನೇಬರ್‌ಹುಡ್ ಟೆಕ್ನಾಲಜಿ ಎಂಬ ಸಂಸ್ಥೆ ವಸತಿ ಮತ್ತು ಸಾರಿಗೆ ಎರಡೂ ಸೇರಿ ಆದಾಯದ ಶೇ 45ರ ಒಳಗಿರಬೇಕು ಎಂಬ ಮಾನದಂಡವನ್ನು ಮುಂದಿಟ್ಟಿತು. ಈ ಸಂಖ್ಯೆಗಳು ಎಲ್ಲರ ಆದಾಯಕ್ಕೂ ಸರಿಹೊಂದುತ್ತವೆ ಎಂದಲ್ಲ. ಆದರೆ ಎರಡನ್ನೂ ಕೂಡಿಸಿ ನೋಡುವ ಆ ಕ್ರಮ ಎಲ್ಲೆಡೆಯೂ ಉಪಯೋಗಕ್ಕೆ ಬರುತ್ತದೆ. ದೂರದ ಬಡಾವಣೆಗೆ ಹೋದರೆ ಎರಡನೆಯ ವಾಹನ ಬೇಕಾಗುತ್ತದೆ ಎಂದಾದರೆ, ಅದರ ಕಂತು, ಇಂಧನ, ವಿಮೆ ಮತ್ತು ರಿಪೇರಿಯನ್ನು ಬಾಡಿಗೆಯ ಭಾಗವೆಂದೇ ಬರೆದುಕೊಳ್ಳಬೇಕು. ಹಾಗೆ ಬರೆದಾಗ ದೂರದ ಅಗ್ಗದ ಮನೆಯೇ ದುಬಾರಿಯಾಗಿಬಿಡುವುದು ಅಪರೂಪವೇನಲ್ಲ.

ಸಾಲ ಮಾಡಿ ಕೊಳ್ಳುವವರು ಕಂತಿನ ಗಾತ್ರವೊಂದನ್ನೇ ನೋಡಿ ಸಮಾಧಾನಪಡಬಾರದು. ವಾರ್ಷಿಕ ಶೇ 8ರ ಬಡ್ಡಿಯಲ್ಲಿ 20 ವರ್ಷದ ಸಾಲ ತೀರುವಷ್ಟರಲ್ಲಿ ಅಸಲಿನ ಸುಮಾರು ಎರಡರಷ್ಟು ಹಣ ಕಟ್ಟಿರುತ್ತೀರಿ. ಅದೇ ಸಾಲವನ್ನು 15 ವರ್ಷಕ್ಕೆ ಇಳಿಸಿದರೆ ಅಸಲಿನ 1.72ರಷ್ಟು, 30 ವರ್ಷಕ್ಕೆ ಎಳೆದರೆ 2.64ರಷ್ಟು. ಬದಲಾಗುವ ಬಡ್ಡಿದರದ ಸಾಲವಾದರೆ, ಆರಂಭದಲ್ಲೇ ದರ ಶೇ 8ರಿಂದ 9ಕ್ಕೆ ಏರಿದರೆ 20 ವರ್ಷದ ಕಂತು ಶೇ 7.6ರಷ್ಟು ಹೆಚ್ಚುತ್ತದೆ. ಆ ಏರಿಕೆಯನ್ನು ಈಗಿನ ಆದಾಯದಲ್ಲೇ ತಡೆದುಕೊಳ್ಳಲು ಸಾಧ್ಯವೇ ಎಂದು ನೋಡಿ, ಸಾಧ್ಯವಿಲ್ಲವಾದರೆ ಸಾಲದ ಮೊತ್ತವನ್ನೇ ಇಳಿಸುವುದು ಲೇಸು. ಎಲ್ಲವೂ ಮುಗಿದ ಮೇಲೆ ಕನಿಷ್ಠ ಮೂರು ತಿಂಗಳ ಸಂಸಾರದ ಖರ್ಚು ಮುಟ್ಟದೆ ಉಳಿದಿರಬೇಕು; ಹೊಸ ಊರಿನಲ್ಲಿ ಕೈಸಾಲ ಕೇಳಲು ಗುರುತಿನವರು ಇರುವುದಿಲ್ಲ.

ವಾರದ ಓಡಾಟವನ್ನು ನಕ್ಷೆಯ ಮೇಲೆ ಇಡಿ

ಎರಡನೆಯ ಹೆಜ್ಜೆಯಲ್ಲಿ ಮನೆಮಂದಿ ಒಟ್ಟಿಗೆ ಕುಳಿತು, ಒಂದು ವಾರದಲ್ಲಿ ಯಾರು, ಎಲ್ಲಿಗೆ, ಎಷ್ಟು ಸಲ ಹೋಗುತ್ತಾರೆ ಎಂದು ಬರೆಯಬೇಕು. ಕಚೇರಿ ಮತ್ತು ಶಾಲೆ ಎಲ್ಲರಿಗೂ ನೆನಪಾಗುತ್ತವೆ. ವಾರಕ್ಕೆರಡು ಸಲದ ಫಿಸಿಯೋಥೆರಪಿ, ಅಜ್ಜಿಯ ತಪಾಸಣೆ, ಮಗುವಿನ ಈಜು ತರಗತಿ, ಊರಿಗೆ ಹೋಗಲು ಹತ್ತಬೇಕಾದ ರೈಲು ನಿಲ್ದಾಣ ಇವು ನೆನಪಾಗುವುದು ಮನೆ ಸೇರಿದ ಮೇಲೆ. ಪಟ್ಟಿ ಸಿದ್ಧವಾದ ನಂತರ ಪ್ರತಿ ಜಾಗವನ್ನೂ ನಕ್ಷೆಯಲ್ಲಿ ಗುರುತಿಸಿ, ಹೆಚ್ಚು ಸಲ ಹೋಗುವ ಜಾಗಗಳಿಗೆ ಹೆಚ್ಚು ತೂಕ ಕೊಟ್ಟು, ಅವುಗಳ ನಡುವೆ ಎಲ್ಲಿ ಬೀಳುತ್ತೀರಿ ಎಂದು ನೋಡಬೇಕು. ದೂರವನ್ನು ಕಿಲೋಮೀಟರ್‌ನಲ್ಲಿ ಅಳೆಯುವುದಕ್ಕಿಂತ ನಿಮಿಷಗಳಲ್ಲಿ ಅಳೆಯುವುದು ಸರಿ. ಅದರಲ್ಲೂ ನೀವು ನಿಜವಾಗಿ ಹೊರಡುವ ಹೊತ್ತಿನ ನಿಮಿಷಗಳು ಬೇಕು, ಭಾನುವಾರ ಮಧ್ಯಾಹ್ನದ ನಿಮಿಷಗಳಲ್ಲ.

ಹದಿನೈದು ನಿಮಿಷದ ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ ಎಂದು ತೋರುತ್ತದೆ. ಹೋಗಿ ಬರುವಾಗ ತಲಾ 15 ನಿಮಿಷ, ವರ್ಷಕ್ಕೆ 240 ಕೆಲಸದ ದಿನಗಳು ಎಂದರೆ 120 ಗಂಟೆ. ಎಂಟು ಗಂಟೆಯ ಪಾಳಿಯ ಲೆಕ್ಕದಲ್ಲಿ ಅದು ಹದಿನೈದು ದಿನದ ದುಡಿಮೆ. ಸ್ವಿಟ್ಜರ್ಲೆಂಡ್‌ನ ಅರ್ಥಶಾಸ್ತ್ರಜ್ಞರಾದ ಅಲೋಯಿಸ್ ಸ್ಟುಟ್ಸರ್ ಮತ್ತು ಬ್ರೂನೋ ಫ್ರೈ ಜರ್ಮನಿಯ ಕುಟುಂಬ ಸಮೀಕ್ಷೆಯ ಮಾಹಿತಿಯನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸಕ್ಕೆ ದೀರ್ಘ ಪ್ರಯಾಣ ಮಾಡುವವರು ತಮ್ಮ ಬದುಕಿನ ಬಗ್ಗೆ ಕಡಿಮೆ ತೃಪ್ತಿ ಹೊಂದಿದ್ದಾರೆಂದೂ, ಹೆಚ್ಚಿನ ಸಂಬಳವಾಗಲಿ ಉತ್ತಮ ಮನೆಯಾಗಲಿ ಆ ಕೊರತೆಯನ್ನು ಪೂರ್ತಿ ತುಂಬಿಕೊಟ್ಟಿಲ್ಲವೆಂದೂ ಕಂಡುಕೊಂಡರು. ಒಂದು ಕೋಣೆ ಹೆಚ್ಚು ಸಿಗುತ್ತದೆಂದು ಪ್ರತಿದಿನದ ಒಂದು ಗಂಟೆಯನ್ನು ಬಿಟ್ಟುಕೊಡುವ ಮೊದಲು ಎರಡು ಸಲ ಯೋಚಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ. ಕೋಣೆಗೆ ಒಂದೆರಡು ತಿಂಗಳಲ್ಲಿ ಒಗ್ಗಿಹೋಗುತ್ತೇವೆ. ಸಂಚಾರ ದಟ್ಟಣೆಗೆ ಹಾಗೆ ಒಗ್ಗುವುದಿಲ್ಲ.

ಮೂರು ಬಡಾವಣೆಗಳಿಗೆ ಇಳಿಸಿ

ನಕ್ಷೆಯಿಂದ ಏಳೆಂಟು ಬಡಾವಣೆಗಳ ಹೆಸರು ಹೊರಬಂದರೆ, ಅವನ್ನು ಮೂರಕ್ಕೆ ಇಳಿಸಲು ಬಿಡಲಾಗದ್ದು ಮತ್ತು ಬಿಡಬಹುದಾದದ್ದು ಎಂಬ ವಿಂಗಡಣೆ ಸಾಕು. ಬಿಡಲಾಗದ್ದರ ಪಟ್ಟಿಯಲ್ಲಿ ನಾಲ್ಕಕ್ಕಿಂತ ಹೆಚ್ಚು ಅಂಶಗಳಿದ್ದರೆ ಸೀಮಿತ ಬಜೆಟ್ಟಿನಲ್ಲಿ ಯಾವ ಬಡಾವಣೆಯೂ ಉಳಿಯುವುದಿಲ್ಲ. ಅಗ್ಗದ ಹಿಂದಿನ ಕಾರಣವನ್ನು ಕೇಳುವ ಪ್ರಶ್ನೆ ಇಲ್ಲಿಯೇ ನೆರವಿಗೆ ಬರುವುದು. ಹೆಸರಾಂತ ಶಾಲೆಯ ಸುತ್ತಲಿನ ಮನೆಗಳಿಗೆ ಶಾಲೆಯ ಕಾರಣಕ್ಕೇ ಬೆಲೆ ಏರಿರುತ್ತದೆ. ಶಾಲೆಗೆ ಹೋಗುವ ಮಕ್ಕಳಿಲ್ಲದವರು ಆ ಬೆಲೆ ತೆರಬೇಕಾಗಿಲ್ಲ. ಕಾರು ಇಲ್ಲದವರಿಗೆ ನಿಲುಗಡೆ ಜಾಗವಿಲ್ಲದ ಮನೆ, ಮೆಟ್ಟಿಲು ಹತ್ತುವುದು ಕಷ್ಟವಲ್ಲದವರಿಗೆ ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿ, ಮನೆಯಿಂದಲೇ ಕೆಲಸ ಮಾಡುವವರಿಗೆ ಕಚೇರಿಗಳ ಪ್ರದೇಶದಿಂದ ದೂರದ ಬಡಾವಣೆ ಇವೆಲ್ಲವೂ ಅದೇ ಬಗೆಯವು. ಇದಕ್ಕೆ ವಿರುದ್ಧವಾಗಿ, ತಗ್ಗಿನಲ್ಲಿ ನೀರು ನಿಲ್ಲುವುದು, ದಾಖಲೆಗಳ ಗೊಂದಲ, ಕಟ್ಟಡದ ಅಡಿಪಾಯದ ದೋಷ ಇಂಥ ಕಾರಣಗಳಿಗೆ ಅಗ್ಗವಾಗಿರುವುದನ್ನು ಎಷ್ಟೇ ರಿಯಾಯಿತಿ ಸಿಕ್ಕರೂ ಮುಟ್ಟಬಾರದು.

ಮುಂದೆ ಇಲ್ಲಿಗೆ ರೈಲು ಮಾರ್ಗ ಬರಲಿದೆ, ದೊಡ್ಡ ಆಸ್ಪತ್ರೆ ಏಳಲಿದೆ ಎಂಬ ಮಾತಿಗೆ ಈಗಲೇ ಹಣ ಕೊಡುವುದು ಸರಿಯಲ್ಲ. ಬಂದರೆ ಲಾಭವೆಂದು ತಿಳಿದು, ಇಂದು ಇರುವ ಸೌಕರ್ಯದ ಮೇಲೆಯೇ ಬೆಲೆ ಕಟ್ಟಬೇಕು.

ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ನೋಡಿ

ಆರಿಸಿದ ಮೂರು ಬಡಾವಣೆಗಳನ್ನು ಕೆಲಸದ ದಿನದ ಬೆಳಿಗ್ಗೆ, ರಾತ್ರಿ ಊಟದ ನಂತರ, ರಜೆಯ ದಿನ ಹೀಗೆ ಬೇರೆ ಬೇರೆ ಹೊತ್ತಿನಲ್ಲಿ ನಡೆದು ನೋಡಬೇಕು. ವಾಹನದಲ್ಲಿ ಕುಳಿತು ಸುತ್ತಿದರೆ ಪಾದಚಾರಿ ಮಾರ್ಗ ಎಲ್ಲಿ ಮುಗಿಯುತ್ತದೆ, ಬೀದಿದೀಪ ಎಲ್ಲಿ ಉರಿಯುವುದಿಲ್ಲ, ಯಾವ ತಿರುವಿನಲ್ಲಿ ನಾಯಿಗಳ ಗುಂಪು ಇರುತ್ತದೆ ಎಂಬುದು ತಿಳಿಯದು. ಬಸ್ ನಿಲ್ದಾಣದಿಂದ ಮನೆಯ ತನಕ ಕತ್ತಲಾದ ಮೇಲೆ ಒಮ್ಮೆ ನಡೆದು ಬರುವುದು, ಅದರಲ್ಲೂ ಆ ದಾರಿಯಲ್ಲಿ ದಿನವೂ ನಡೆಯಬೇಕಾದವರೇ ನಡೆದು ನೋಡುವುದು ಬಹಳ ಅಗತ್ಯ. ಸಾಧ್ಯವಾದರೆ ಜೋರು ಮಳೆಯ ಮರುದಿನ ಹೋಗಬೇಕು. ಆಗ ಕಾಂಪೌಂಡ್ ಗೋಡೆಗಳ ಮೇಲೆ ಕೆಸರಿನ ಗೆರೆ ಎಷ್ಟು ಎತ್ತರಕ್ಕಿದೆ, ಅಕ್ಕಪಕ್ಕದವರು ಬಾಗಿಲ ಬಳಿ ನೀರು ತಡೆಯಲು ಕಟ್ಟೆ ಕಟ್ಟಿಕೊಂಡಿದ್ದಾರೆಯೇ ಎಂಬುದು ಯಾರನ್ನೂ ಕೇಳದೆಯೇ ತಿಳಿದುಬಿಡುತ್ತದೆ.

ಸದ್ದಿನ ವಿಷಯದಲ್ಲಿ ಅಂದಾಜಿಗಿಂತ ಅಳತೆ ಮೇಲು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗಾಗಿ ಹೊರಡಿಸಿದ ಮಾರ್ಗಸೂಚಿ, ರಾತ್ರಿಯ ಹೊತ್ತು ರಸ್ತೆ ಸಂಚಾರದ ಸರಾಸರಿ ಸದ್ದು 45 ಡೆಸಿಬೆಲ್‌ಗಿಂತ ಕೆಳಗಿರಬೇಕೆಂದು ಹೇಳುತ್ತದೆ. ಮೊಬೈಲ್‌ನ ಉಚಿತ ಆ್ಯಪ್‌ಗಳು ಕರಾರುವಾಕ್ಕಾದ ಸಂಖ್ಯೆ ಕೊಡದಿದ್ದರೂ, ಒಂದೇ ಮೊಬೈಲ್ ಹಿಡಿದು ಎರಡು ಮನೆಗಳ ಮಲಗುವ ಕೋಣೆಯಲ್ಲಿ ಅಳೆದರೆ ಯಾವುದು ಹೆಚ್ಚು ನಿಶ್ಶಬ್ದ ಎಂಬ ಹೋಲಿಕೆ ಸಿಗುತ್ತದೆ. ಬಡಾವಣೆಯ ಬಗ್ಗೆ ದಳ್ಳಾಳಿಗಿಂತ ಅಲ್ಲಿನ ಬಾಡಿಗೆದಾರರು ಬಿಚ್ಚುಮನಸ್ಸಿನಿಂದ ಮಾತಾಡುತ್ತಾರೆ, ಏಕೆಂದರೆ ಅವರಿಗೆ ಕಾಪಾಡಿಕೊಳ್ಳಬೇಕಾದ ಆಸ್ತಿಬೆಲೆ ಇರುವುದಿಲ್ಲ.

ಮನೆಯೊಳಗೆ ಏನನ್ನು ನೋಡಬೇಕು

ಬಡಾವಣೆ ನಿಶ್ಚಯವಾದ ಮೇಲೆ ಮನೆಯೊಳಗಿನ ಪರೀಕ್ಷೆಗೆ ಹಗಲಿನಲ್ಲಿ, ದೀಪಗಳನ್ನು ಆರಿಸಿ, ಒಂದು ಗಂಟೆಯ ಬಿಡುವು ಇಟ್ಟುಕೊಂಡು ಹೋಗಬೇಕು. ಎಲ್ಲಕ್ಕಿಂತ ಮೊದಲು ತೇವ. ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ, ಕೈಯಿಂದ ಸವರಿದರೆ ಬಿಳಿ ಉಪ್ಪಿನಂಥ ಪುಡಿ ಬೆರಳಿಗೆ ಹತ್ತಿದರೆ, ನೆಲದ ತೇವ ಗೋಡೆಯೊಳಗೆ ಏರುತ್ತಿದೆ ಎಂದು ಅರ್ಥ. ಹೀಗೆ ಏರುವ ತೇವ ಸಾಮಾನ್ಯವಾಗಿ ಒಂದು ಮೀಟರ್‌ನ ಆಸುಪಾಸಿನಲ್ಲಿ ನಿಲ್ಲುತ್ತದೆ. ಚಾವಣಿಯ ಮೇಲೆ ಕಂದು ಅಂಚಿನ ಕಲೆ ಇದ್ದರೆ ಅದು ಮೇಲಿನಿಂದ ಸೋರುವ ನೀರು. ಇಡೀ ಮನೆಯ ಬಣ್ಣ ಹಳೆಯದಾಗಿದ್ದು ಒಂದು ಮೂಲೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ, ಆ ಮೂಲೆಯ ಗೋಡೆಗೆ ಅಂಗೈ ಒತ್ತಿ ತಣ್ಣಗಿದೆಯೇ ನೋಡಬೇಕು, ಗೋಡೆಗೆ ಒತ್ತಿನಿಂತ ಬೀರುವಿನ ಹಿಂದೆ ಟಾರ್ಚ್ ಬಿಟ್ಟು ನೋಡಬೇಕು, ಕಪಾಟಿನ ಬಾಗಿಲು ತೆರೆದು ಮುಗ್ಗಲು ವಾಸನೆ ಬರುತ್ತದೆಯೇ ಗಮನಿಸಬೇಕು.

ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಗಾರೆ ಒಣಗುವಾಗ ಬರುವಂಥವು, ಅವುಗಳಿಗೆ ಹೆದರಬೇಕಿಲ್ಲ. ಕಿಟಕಿ ಅಥವಾ ಬಾಗಿಲಿನ ಮೂಲೆಯಿಂದ ಓರೆಯಾಗಿ ಸಾಗಿ, ಒಂದು ತುದಿ ಕಿರಿದಾಗಿ ಇನ್ನೊಂದು ತುದಿ ಅಗಲವಾಗಿರುವ ಬಿರುಕು ಕಂಡರೆ, ಅಡಿಪಾಯ ಕುಸಿದಿರುವ ಸಾಧ್ಯತೆ ಇರುವುದರಿಂದ ಎಂಜಿನಿಯರ್ ಒಬ್ಬರಿಗೆ ತೋರಿಸದೆ ಮುಂದುವರಿಯಬಾರದು. ನೀರಿನ ಒತ್ತಡ ತಿಳಿಯಲು ಅಡುಗೆಮನೆಯ ನಲ್ಲಿ ಮತ್ತು ಸ್ನಾನದ ಶವರ್ ಎರಡನ್ನೂ ಒಟ್ಟಿಗೆ ತಿರುಗಿಸಿ, ಅದೇ ಹೊತ್ತಿಗೆ ಶೌಚಾಲಯದ ಫ್ಲಶ್ ಎಳೆದರೆ ಸಾಕು. ಧಾರೆ ಕಿರಿದಾಗುವುದೂ ಕೊಳವೆ ಗೊರಗುಟ್ಟುವುದೂ ಎದುರಿಗೇ ತಿಳಿಯುತ್ತದೆ. ಪಶ್ಚಿಮದ ಗೋಡೆ ಮಧ್ಯಾಹ್ನದ ನಂತರ ಕಾಯುತ್ತದೆ. ಆದ್ದರಿಂದ ಮಲಗುವ ಕೋಣೆ ಆ ಕಡೆಗಿದ್ದರೆ ಸಂಜೆ ಆರರ ಹೊತ್ತಿಗೆ ಒಮ್ಮೆ ಒಳಗೆ ನಿಂತು ನೋಡುವುದು ಒಳ್ಳೆಯದು. ದೊಡ್ಡ ಸಾಮಾನುಗಳ ಅಳತೆ ಬರೆದುಕೊಂಡು ಹೋಗಿ, ಬಾಗಿಲು ಮತ್ತು ಮೆಟ್ಟಿಲಿನ ತಿರುವನ್ನು ಟೇಪಿನಿಂದ ಅಳೆಯುವುದನ್ನೂ ಮರೆಯಬಾರದು.

ಕೊಳ್ಳುವುದೋ, ಬಾಡಿಗೆಗೆ ಇರುವುದೋ

ಊರು ಪೂರ್ತಿ ಹೊಸದಾಗಿದ್ದರೆ ಮೊದಲ ಆರು ತಿಂಗಳು ಅಥವಾ ಒಂದು ವರ್ಷ ಬಾಡಿಗೆಗೆ ಇರುವುದೇ ಸರಿಯಾದ ದಾರಿ ಎಂದು ನಾನು ನಂಬಿದ್ದೇನೆ. ಬಾಡಿಗೆಯ ಹಣ ವ್ಯರ್ಥ ಎನ್ನುವವರು, ತಪ್ಪಾದ ಜಾಗದಲ್ಲಿ ಕೊಂಡ ಮನೆಯನ್ನು ಮಾರಿ ಇನ್ನೊಂದನ್ನು ಕೊಳ್ಳುವಾಗ ಶುಲ್ಕ, ಕಮಿಷನ್ ಮತ್ತು ನೋಂದಣಿಗೆ ಎರಡನೆಯ ಸಲ ತೆರಬೇಕಾಗುವ ಮೊತ್ತವನ್ನು ಲೆಕ್ಕ ಹಾಕಿ ನೋಡಬೇಕು. ಕೊಳ್ಳುವುದೇ ಖಚಿತವಾದರೆ ಹಕ್ಕುಪತ್ರ, ಆಸ್ತಿಯ ಮೇಲಿನ ಸಾಲ, ಕಟ್ಟಡ ಪರವಾನಗಿ ಮತ್ತು ತೆರಿಗೆ ಬಾಕಿಗಳನ್ನು ಮಾರುವವರ ಕಡೆಯವರಲ್ಲದ ವಕೀಲರಿಂದ ಪರಿಶೀಲನೆ ಮಾಡಿಸಬೇಕು. ಬಾಡಿಗೆಯಾದರೆ ಠೇವಣಿ ಎಷ್ಟು ದಿನದಲ್ಲಿ ಹಿಂದಿರುಗುತ್ತದೆ, ಯಾವ ರಿಪೇರಿ ಯಾರದು, ಬಾಡಿಗೆ ಎಷ್ಟು ಏರುತ್ತದೆ, ಬಿಡಲು ಎಷ್ಟು ಮುಂಚೆ ತಿಳಿಸಬೇಕು ಎಂಬ ನಾಲ್ಕೂ ಸಂಗತಿಗಳು ಕರಾರುಪತ್ರದಲ್ಲಿ ಬರಹದಲ್ಲಿರಬೇಕು.

ಬೆಲೆಯ ಮಾತಿಗೆ ಕೂರುವ ಮುನ್ನ

ಮಾರುವವರು ಹೇಳುವ ಬೆಲೆ ಕಿವಿಗೆ ಬಿದ್ದೊಡನೆ ನಮ್ಮ ಅಂದಾಜು ಅದರ ಕಡೆಗೆ ಸರಿಯುತ್ತದೆ. ಅಮೆರಿಕದ ಅರಿಜೋನಾದಲ್ಲಿ ನಾರ್ತ್‌ಕ್ರಾಫ್ಟ್ ಮತ್ತು ನೀಲ್ ಎಂಬ ಸಂಶೋಧಕರು ಒಂದೇ ಮನೆಯನ್ನು ಬೇರೆ ಬೇರೆ ಗುಂಪುಗಳಿಗೆ ಬೇರೆ ಬೇರೆ ಕೇಳಿಕೆ ಬೆಲೆಯೊಂದಿಗೆ ತೋರಿಸಿ ಮೌಲ್ಯ ಅಂದಾಜು ಮಾಡಲು ಹೇಳಿದಾಗ, ವಿದ್ಯಾರ್ಥಿಗಳಷ್ಟೇ ಅಲ್ಲ, ವೃತ್ತಿಯಲ್ಲಿದ್ದ ದಳ್ಳಾಳಿಗಳ ಅಂದಾಜೂ ಆ ಬೆಲೆಯ ಕಡೆಗೇ ವಾಲಿದ್ದನ್ನು 1987ರಲ್ಲಿ ವರದಿ ಮಾಡಿದರು. ವೃತ್ತಿಪರರಿಗೇ ಹೀಗಾಗುವುದಾದರೆ ಹೊಸಬರ ಪಾಡು ಹೇಳಬೇಕಾಗಿಲ್ಲ. ಆದ್ದರಿಂದ ಅದೇ ಬೀದಿಯಲ್ಲಿ ಇತ್ತೀಚೆಗೆ ಕೈ ಬದಲಾದ ಮನೆಗಳ ನಿಜವಾದ ಬೆಲೆಗಳನ್ನು ವಿಚಾರಿಸಿ, ಕಂಡ ದೋಷಗಳ ರಿಪೇರಿ ಖರ್ಚನ್ನು ಕಳೆದು, ಇದಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂಬ ಮೊತ್ತವನ್ನು ಮನೆಯಲ್ಲೇ ಬರೆದಿಟ್ಟುಕೊಂಡು ಮಾತುಕತೆಗೆ ಹೋಗಬೇಕು. ಇನ್ನೊಬ್ಬರು ನಾಳೆಯೇ ಮುಂಗಡ ಕೊಡುತ್ತಾರಂತೆ ಎಂಬ ಮಾತು ಬಂದಾಗಲೂ ಆ ಮೊತ್ತ ಮೇಲೇರಬಾರದು. ಎರಡನೆಯ ಆಯ್ಕೆಯ ಮನೆಯನ್ನು ಕೊನೆಯವರೆಗೂ ಕೈಬಿಡದೆ ಇಟ್ಟುಕೊಂಡವರಿಗೆ ಇದು ಕಷ್ಟವಾಗುವುದಿಲ್ಲ.

ಕೀಲಿ ಕೈಗೆ ಬಂದ ದಿನ, ಸಾಮಾನು ಇಳಿಸುವ ಮೊದಲೇ, ಪ್ರತಿ ಕೋಣೆಯ ಗೋಡೆ, ನೆಲ, ಚಾವಣಿಯ ಫೋಟೊಗಳನ್ನು ದಿನಾಂಕದೊಂದಿಗೆ ತೆಗೆದು, ವಿದ್ಯುತ್ ಮತ್ತು ನೀರಿನ ಮೀಟರುಗಳ ಓದನ್ನು ಬರೆದು, ಅದರ ಪ್ರತಿಯನ್ನು ಮಾಲೀಕರಿಗೂ ಕಳುಹಿಸಬೇಕು. ನೀರಿನ ಮುಖ್ಯ ವಾಲ್ವ್ ಮತ್ತು ವಿದ್ಯುತ್ತಿನ ಮೇನ್ ಸ್ವಿಚ್ ಎಲ್ಲಿವೆ ಎಂಬುದನ್ನು ಮನೆಯ ಎಲ್ಲರಿಗೂ ತೋರಿಸಿ, ಮುಂಬಾಗಿಲ ಬೀಗವನ್ನು ಅಂದೇ ಬದಲಾಯಿಸಬೇಕು. ಬಾಡಿಗೆ ಮನೆಯಾದರೆ ಅದಕ್ಕೆ ಮಾಲೀಕರ ಒಪ್ಪಿಗೆಯನ್ನು ಮೊದಲೇ ಪಡೆದಿರಬೇಕು.