ಬ್ಯಾಟರಿ ಬದಲಿಸುವ ಮೊದಲು ಮೀಟರ್ ಹಿಡಿಯಿರಿ

ಗಾಡಿ ಸ್ಟಾರ್ಟ್ ಆಗದಿದ್ದರೆ ಎಲ್ಲರೂ ಮೊದಲು ಬೈಯುವುದು ಬ್ಯಾಟರಿಯನ್ನೇ. ಹೊಸದು ಹಾಕಿದರೂ ವಾರದಲ್ಲಿ ಮತ್ತೆ ಅದೇ ಕಥೆಯಾದರೆ ತಪ್ಪು ಬೇರೆಲ್ಲೋ ಇದೆ ಎಂದರ್ಥ. ವೋಲ್ಟೇಜ್ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್ ಸಾಕು, 20 ವೋಲ್ಟ್ ಡಿಸಿಗೆ ಇಟ್ಟು ಅದರ ಎರಡು ಕಡ್ಡಿಗಳನ್ನು (ಪ್ರೋಬ್) ಬ್ಯಾಟರಿಯ ಎರಡು ಕಂಬಗಳಿಗೆ ಹಿಡಿಯಿರಿ.

ರಾತ್ರಿಯಿಡೀ ನಿಂತ ಗಾಡಿಯಲ್ಲಿ ಸುಮಾರು 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ. 12.2 ಅಂದರೆ ಅರ್ಧ ಖಾಲಿ. ಈಗಷ್ಟೇ ಓಡಿಸಿದ್ದರೆ ಈ ಅಂಕಿ ನಂಬಬೇಡಿ, ಮೇಲ್ಮೈ ಚಾರ್ಜ್ (ಓಡಿಸಿದ ಮೇಲೆ ಸ್ವಲ್ಪ ಹೊತ್ತು ಉಳಿಯುವ ಹುಸಿ ಹೆಚ್ಚುವರಿ ವೋಲ್ಟೇಜ್) ಮೋಸ ಮಾಡುತ್ತದೆ. ಎರಡು ನಿಮಿಷ ಹೆಡ್‌ಲೈಟ್ ಉರಿಸಿ, ಆರಿಸಿ, ಆಮೇಲೆ ನೋಡಿ. ತುಂಬಿದ ಬ್ಯಾಟರಿ ಕ್ರ್ಯಾಂಕ್ ಮಾಡುವಾಗ (ಸ್ಟಾರ್ಟರ್ ಎಂಜಿನ್ ತಿರುಗಿಸುವಾಗ) 9.6ಕ್ಕಿಂತ ಕೆಳಗೆ ಕುಸಿದರೆ ಅದರ ಆಯುಸ್ಸು ಮುಗಿದಿರುವ ಸಾಧ್ಯತೆಯೇ ಹೆಚ್ಚು.

ಎಂಜಿನ್ ಓಡುವಾಗ 13.8ರಿಂದ 14.5 ಬರಬೇಕು. 12.5ರಲ್ಲೇ ನಿಂತು ಮೆಲ್ಲಗೆ ಇಳಿಯುತ್ತಿದ್ದರೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಜನರೇಟರ್) ಚಾರ್ಜ್ ಕೊಡುತ್ತಿಲ್ಲ. ಬೆಲ್ಟ್ ಸಡಿಲವೇ, ಫ್ಯೂಸ್ ಹೋಗಿದೆಯೇ ಎಂದು ಮೊದಲು ನೋಡಿ. 15 ದಾಟಿದರೆ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಕೆಟ್ಟಿರುವ ಸಾಧ್ಯತೆ ಹೆಚ್ಚು. (ಹೊಸ ಗಾಡಿಗಳಲ್ಲಿ ಕಂಪ್ಯೂಟರೇ ವೋಲ್ಟೇಜ್ ಇಳಿಸುವುದುಂಟು. ಹೆಡ್‌ಲೈಟ್, ಬ್ಲೋವರ್ ಹಾಕಿ ಮತ್ತೆ ಅಳೆಯಿರಿ.)

ಬಹಳ ಜನ ಬಿಡುವ ಪರೀಕ್ಷೆ ಇದು: ಒಂದು ಪ್ರೋಬ್ ಬ್ಯಾಟರಿಯ ನೆಗೆಟಿವ್ ಸೀಸದ ಕಂಬದ ಮೇಲೆ, ಇನ್ನೊಂದು ಎಂಜಿನ್ ಬ್ಲಾಕಿನ ಬರಿ ಲೋಹದ ಮೇಲೆ ಇಟ್ಟು ಕ್ರ್ಯಾಂಕ್ ಮಾಡಿಸಿ. ಅರ್ಧ ವೋಲ್ಟ್ ಮೀರಿದರೆ ಅರ್ಥ್ ಕೇಬಲ್ (ಬ್ಯಾಟರಿಯ ನೆಗೆಟಿವ್‌ನಿಂದ ಎಂಜಿನ್, ಬಾಡಿಗೆ ಹೋಗುವ ತಂತಿ) ಅಥವಾ ಕ್ಲ್ಯಾಂಪ್ ಕೊಳಕಾಗಿದೆ. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿ ಮಾಡಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಒಂದು ಮಾತ್ರ ದಯವಿಟ್ಟು ಮಾಡಬೇಡಿ: ಆಲ್ಟರ್ನೇಟರ್ ಪರೀಕ್ಷಿಸಲೆಂದು ಎಂಜಿನ್ ಓಡುವಾಗ ಬ್ಯಾಟರಿ ಕೇಬಲ್ ಕಳಚುವುದು. ವೋಲ್ಟೇಜ್ ಒಮ್ಮೆಲೇ ಚಿಮ್ಮಿ ಇಸಿಯು (ಗಾಡಿಯ ಕಂಪ್ಯೂಟರ್) ಸುಟ್ಟುಹೋಗಬಹುದು.