ಅಪರೂಪದ ಕಲ್ಲು ಸಿಕ್ಕಿತೇ? ಪುಡಿ ಮಾಡುವಾಗ ಎಚ್ಚರ

ಮಳೆ ನಿಂತು ಹಳ್ಳಗಳು ಇಳಿಯುತ್ತಲೇ ನಮ್ಮ ಪ್ರಯೋಗಾಲಯಕ್ಕೆ ಕಲ್ಲುಗಳು ಬರತೊಡಗುತ್ತವೆ. ಶಿವಮೊಗ್ಗ ಜಿಲ್ಲೆಯ ಕುಂಸಿ ಕಡೆಯ ಕರಿ ಅದಿರು, ಅಡಿಕೆ ತೋಟದ ಬಾವಿ ತೋಡುವಾಗ ಸಿಕ್ಕ ನೀಲಿ ಹರಳು. "ಅಪರೂಪದ್ದಾ ಸಾರ್?" ಅಂತ ಕೇಳುತ್ತಾರೆ. ಎಷ್ಟೋ ಸಲ ಕಲ್ಲಿನ ಜೊತೆ ಮನೆಯಲ್ಲೇ ಕುಟ್ಟಿದ ಪುಡಿಯೂ ಇರುತ್ತದೆ. ಅದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಮೊದಲು ಸಿಕ್ಕ ಜಾಗ, ದಿನ ಬರೆದಿಡಿ. ಕಲ್ಲನ್ನು ನೀರಿನಲ್ಲಿ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಟಾಯ್ಲೆಟ್ ತೊಳೆಯುವ ಆಸಿಡ್ ಬೇಡವೇ ಬೇಡ, ಕಾರ್ಬೊನೇಟ್ ಖನಿಜವಾದರೆ ಕರಗಿಹೋಗುತ್ತದೆ. ಮೊಬೈಲ್ ಫೋಟೊ ನೋಡಿ ಹೆಸರು ಹೇಳುವ ಆ್ಯಪ್‌ಗಳನ್ನೂ ನಂಬಬೇಡಿ.

ಎರಡನೆಯದು ತೂಕ. ಗಾಳಿಯಲ್ಲಿನ ತೂಕವನ್ನು, ನೀರಿನಲ್ಲಿ ಮುಳುಗಿಸಿದಾಗ ಕಡಿಮೆಯಾದ ತೂಕದಿಂದ ಭಾಗಿಸಿ. ಕಲ್ಲು ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು ಸಿಗುತ್ತದೆ. ಕಯನೈಟ್ ಎಂಬ ಖನಿಜವಾದರೆ ಸುಮಾರು 3.6, ಅದನ್ನೇ ಹೋಲುವ ಆಂಡಲುಸೈಟ್ ಆದರೆ 3.15ರ ಆಸುಪಾಸು ಬರುತ್ತದೆ.

ಮೂರನೆಯದು ಪುಡಿ. ಮುಂದೆ ಹೇಳುವ ಎಕ್ಸ್‌ರೇ ಪರೀಕ್ಷೆಗೆ ಬೇಕಾದದ್ದು ಇದೇ. ಕೆಡುವುದು ಇಲ್ಲೇ. ಕಲ್ಲನ್ನು ಪೂರ್ತಿ ಒಡೆಯಬೇಡಿ, ಅರ್ಧಕ್ಕಿಂತ ಹೆಚ್ಚು ಹಾಗೇ ಇರಲಿ. ನಾರಿನಂತೆ ಎಳೆ ಬಿಡುವ ಕಲ್ಲನ್ನು ಮನೆಯಲ್ಲಿ ಮುಟ್ಟಲೇಬೇಡಿ, ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಉಳಿದದ್ದರ ಒಂದು ಮೂಲೆಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆದು, ಭೂತಗನ್ನಡಿಯ ಕೆಳಗೆ ಬೇಕಾದ ಚೂರುಗಳನ್ನಷ್ಟೇ ಚಿಮುಟದಿಂದ ಆರಿಸಿ. ನಮ್ಮ ಕಡೆಯ ಕಲ್ಲಿಗೆ ಜಂಬಿಟ್ಟಿಗೆಯ ಕೆಂಪು ಅಂಟಿರುತ್ತದೆ. ಅದು ಸೇರಿದರೆ ವರದಿಯಲ್ಲಿ ಗೋಥೈಟ್, ಹೆಮಟೈಟ್ ಎಂಬ ಕಬ್ಬಿಣದ ಖನಿಜಗಳು ಕಾಣಿಸುತ್ತವೆ. ಅರೆಯಲು ಅಗೇಟ್ ಕಲ್ಲಿನ ಕುಟ್ಟಾಣಿಯೇ ಆಗಬೇಕು. ಕಬ್ಬಿಣದ್ದರಲ್ಲಿ ಕುಟ್ಟಿದರೆ ಕಬ್ಬಿಣ ಸೇರುತ್ತದೆ, ಗ್ರಾನೈಟ್ ಒರಳಿನಲ್ಲಿ ಅರೆದರೆ ಬೆಣಚುಕಲ್ಲು, ಮಿಕ್ಸಿಯಲ್ಲಿ ತಿರುವಿದರೆ ಕ್ರೋಮಿಯಂ. ಒಬ್ಬರು ತಂದ ಪುಡಿಯ ಎಕ್ಸ್‌ರೇ ಪರೀಕ್ಷೆಯಲ್ಲಿ 26.6 ಡಿಗ್ರಿ ಕೋನದಲ್ಲಿ ಬರುವ ಬೆಣಚುಕಲ್ಲಿನ ಗೆರೆ ಎದ್ದು ಕಾಣುತ್ತಿತ್ತು. ಕಲ್ಲಿನದೋ ಒರಳಿನದೋ ಹೇಳಲಾಗದೆ ಮತ್ತೆ ಮೊದಲಿಂದ ಮಾಡಿದೆವು. ಒಣಗಿದ್ದನ್ನೇ ಗಂಟೆಗಟ್ಟಲೆ ಅರೆದರೆ ಹರಳಿನ ರಚನೆಯೇ ಹಾಳಾಗುತ್ತದೆ. ನಾಲ್ಕು ಹನಿ ಆಲ್ಕೋಹಾಲ್ ಹಾಕಿ ನಿಧಾನವಾಗಿ ತಿರುಗಿಸಿ. ಮಾಸ್ಕ್, ಗ್ಲೌಸ್ ಹಾಕಿಕೊಂಡು ಬೆರಳಲ್ಲಿ ಉಜ್ಜಿ ನೋಡಿ: ತರಿತರಿ ಎನಿಸಿದರೆ ಇನ್ನೂ ಅರೆಯಿರಿ, ಮೈದಾಹಿಟ್ಟಿನಂತಾದರೆ ಸಾಕು. ಒಂದು ಗ್ರಾಂ ಧಾರಾಳ.

ನಾಲ್ಕನೆಯದು ಎಕ್ಸ್‌ಆರ್‌ಡಿ. ಪುಡಿಯ ಮೇಲೆ ಎಕ್ಸ್‌ರೇ ಬಿಟ್ಟು, ಯಾವ ಕೋನಗಳಲ್ಲಿ ಚದುರುತ್ತದೆ ಎಂದು ನೋಡಿ ರಚನೆ ಪತ್ತೆಹಚ್ಚುತ್ತಾರೆ. ಕಾಗೆಬಂಗಾರದಂತೆ ಪದರಪದರವಾಗಿ ಏಳುವ ಖನಿಜವಾದರೆ, ಪುಡಿ ಇಡುವ ಹೋಲ್ಡರ್‌ಗೆ ಹಿಂಬದಿಯಿಂದ ತುಂಬಲು ಕೇಳಿ. ಮೇಲಿಂದ ಒತ್ತಿದರೆ ಪದರಗಳೆಲ್ಲ ಒಂದೇ ಕಡೆ ಮಲಗಿ ಕೆಲವು ಗೆರೆಗಳು ಮಾತ್ರ ಉಬ್ಬುತ್ತವೆ. ಕಲ್ಲಿನಲ್ಲಿ ಕಬ್ಬಿಣ ಹೆಚ್ಚಿದ್ದರೆ, ಎಕ್ಸ್‌ರೇ ಹೊಮ್ಮಿಸಲು ತಾಮ್ರದ ಟ್ಯೂಬ್‌ಗಿಂತ ಕೋಬಾಲ್ಟ್ ಟ್ಯೂಬ್ ಒಳ್ಳೆಯದು. ಮ್ಯಾಂಗನೀಸ್ ಹೆಚ್ಚಿದ್ದರೆ ಅದರಿಂದಲೂ ಉಪಯೋಗವಿಲ್ಲ.

ಆಮೇಲೆ ಧಾತುಗಳ ಲೆಕ್ಕಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಇಡಿಎಸ್, ಅಂದರೆ ಎಲೆಕ್ಟ್ರಾನ್ ತಾಗಿದಾಗ ಕಲ್ಲಿನಿಂದ ಹೊಮ್ಮುವ ಎಕ್ಸ್‌ರೇ ನೋಡಿ ಯಾವ ಧಾತು ಎಷ್ಟಿದೆ ಎಂದು ಹೇಳುವ ಪರೀಕ್ಷೆ. ವಿದ್ಯುತ್ ಹರಿಯಲೆಂದು ಮಾದರಿಗೆ ಹಾಕುವ ತೆಳು ಲೇಪನ ಕಾರ್ಬನ್‌ನದ್ದೇ ಇರಲಿ. ಚಿನ್ನ ಲೇಪಿಸಿದರೆ ಅದರ ಗೆರೆ ರಂಜಕ, ಗಂಧಕದ ಗೆರೆಗಳ ನಡುವೆ ಬಂದು ಕೂರುತ್ತದೆ. ಖರ್ಚು ಉಳಿಸಲು ಇಡಿಎಸ್ ಒಂದನ್ನೇ ಮಾಡಿಸುವವರಿದ್ದಾರೆ, ನಾನು ಖಂಡಿತ ಬೇಡ ಅನ್ನುತ್ತೇನೆ. ಕಯನೈಟ್, ಆಂಡಲುಸೈಟ್, ಸಿಲ್ಲಿಮನೈಟ್ ಮೂರರಲ್ಲೂ ಇರುವುದು ಅದೇ ಅಲ್ಯೂಮಿನಿಯಂ, ಸಿಲಿಕಾನ್, ಆಮ್ಲಜನಕ, ಅದೇ ಪ್ರಮಾಣದಲ್ಲಿ. ಬೇರೆಯಿರುವುದು ಜೋಡಣೆ ಮಾತ್ರ. ಲಿಥಿಯಂ ಅಂತೂ ಸಾಮಾನ್ಯ ಇಡಿಎಸ್‌ಗೆ ಕಾಣುವುದೇ ಇಲ್ಲ.

ವರದಿಯ ಜೊತೆ ಮೂಲ ಡೇಟಾ ಫೈಲನ್ನೂ ಕೇಳಿ ಪಡೆಯಿರಿ. ಗೊತ್ತಿರುವ ಯಾವ ಖನಿಜಕ್ಕೂ ಹೊಂದದಿದ್ದರೆ ಅದು ಅಂತರರಾಷ್ಟ್ರೀಯ ಖನಿಜಶಾಸ್ತ್ರ ಸಂಘದ ಆಯೋಗದ ಮುಂದೆ ಹೋಗಬೇಕಾಗುತ್ತದೆ. ಹೊಸದೆಂದು ಒಪ್ಪಿಗೆಯಾಗಬೇಕಾದರೆ ಮಾದರಿಯನ್ನು ವಸ್ತುಸಂಗ್ರಹಾಲಯದಲ್ಲಿ ಇಡಬೇಕು. ಅರ್ಧ ಕಲ್ಲು ಉಳಿಸಿ ಅಂದದ್ದು ಅದಕ್ಕೇ.