ಮನೆಗೆ ಸೂಕ್ಷ್ಮದರ್ಶಕ: ಕೊಳ್ಳುವ ಮುನ್ನ ಏನೇನು ನೋಡಬೇಕು?

ಮಕ್ಕಳಿಗೆಂದು ಸೂಕ್ಷ್ಮದರ್ಶಕ ಕೊಳ್ಳಲು ಹೊರಟವರ ಕಣ್ಣಿಗೆ ಮೊದಲು ಬೀಳುವುದು ಡಬ್ಬಿಯ ಮೇಲೆ ದಪ್ಪಕ್ಷರಗಳಲ್ಲಿ ಅಚ್ಚಾಗಿರುವ ಸಂಖ್ಯೆ: 900 ಪಟ್ಟು, 1200 ಪಟ್ಟು, ಕೆಲವೊಮ್ಮೆ 2000 ಪಟ್ಟು. ಹೆಚ್ಚು ಹಿಗ್ಗಿಸಿ ತೋರಿಸುವುದೇ ಹೆಚ್ಚು ಒಳ್ಳೆಯ ಉಪಕರಣವೆಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಕಡಿಮೆ ಬೆಲೆಯ ಉಪಕರಣಗಳ ಮಟ್ಟಿಗೆ ಇದರಷ್ಟು ದಾರಿ ತಪ್ಪಿಸುವ ವಿವರ ಬೇರೊಂದಿಲ್ಲ. ಶಾಲೆಯ ಜೀವಶಾಸ್ತ್ರದಲ್ಲಿ ಬರುವ ಜೀವಕೋಶ, ಪತ್ರರಂಧ್ರ, ಪರಾಗ, ಪ್ಯಾರಮೀಸಿಯಂ ಮೊದಲಾದವನ್ನೆಲ್ಲ 400 ಪಟ್ಟಿನೊಳಗೇ ಚೆನ್ನಾಗಿ ನೋಡಬಹುದು. ಆದ್ದರಿಂದ ಕೈಯಲ್ಲಿರುವ ಹಣವನ್ನು ಆ ಸಂಖ್ಯೆಗೆ ಸುರಿಯದೆ, ಅಲುಗಾಡದ ಲೋಹದ ದೇಹ, ಗಾಜಿನ ಮಸೂರ, ನಯವಾಗಿ ತಿರುಗುವ ಫೋಕಸ್ ಮತ್ತು ಬೇಕಾದಂತೆ ಹೊಂದಿಸಿಕೊಳ್ಳಬಹುದಾದ ಬೆಳಕು ಇರುವ ಉಪಕರಣಕ್ಕೆ ವಿನಿಯೋಗಿಸುವುದು ಮೇಲು. ಅಂಥದ್ದನ್ನು ಗುರುತಿಸುವ ಬಗೆಯನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಹಂತ 1: ನೋಡುವುದು ಏನನ್ನು?

ಮನೆಬಳಕೆಗೆ ಸಿಗುವ ಸೂಕ್ಷ್ಮದರ್ಶಕಗಳಲ್ಲಿ ಮುಖ್ಯವಾಗಿ ಎರಡು ಬಗೆ. ಸ್ಟೀರಿಯೊ ಸೂಕ್ಷ್ಮದರ್ಶಕವು ವಸ್ತುವನ್ನು ಇದ್ದ ಹಾಗೆಯೇ, ಮೇಲಿನಿಂದ ಬೆಳಕು ಬಿಟ್ಟು, ಎರಡು ಕಣ್ಣುಗಳಿಗೂ ತುಸು ಬೇರೆ ಬೇರೆ ಕೋನದಿಂದ ತೋರಿಸುತ್ತದೆ. ಹೀಗಾಗಿ ಅದರಲ್ಲಿ ಉಬ್ಬುತಗ್ಗುಗಳು, ಆಳ ಎಲ್ಲವೂ ಕಾಣುತ್ತವೆ. ಅದರ ವರ್ಧನೆ ಸಾಮಾನ್ಯವಾಗಿ 10ರಿಂದ 40 ಪಟ್ಟು ಮಾತ್ರ. ಕೀಟ, ಹೂವು, ಹರಳು, ನಾಣ್ಯ, ಬಟ್ಟೆಯ ನೇಯ್ಗೆ, ಎಲೆಯ ಮೇಲ್ಮೈ ಇವುಗಳಿಗೆ ಅಷ್ಟೇ ಸಾಕು. ಸಂಯುಕ್ತ ಸೂಕ್ಷ್ಮದರ್ಶಕದಲ್ಲಿ ಬೆಳಕು ಕೆಳಗಿನಿಂದ ಬಂದು ವಸ್ತುವಿನ ಮೂಲಕ ಹಾದು ಕಣ್ಣು ಸೇರುತ್ತದೆ. ಹಾಗಾಗಿ ನೋಡುವ ವಸ್ತು ಬೆಳಕು ತೂರುವಷ್ಟು ತೆಳುವಾಗಿರಬೇಕು, ಗಾಜಿನ ಸ್ಲೈಡಿನ ಮೇಲೆ ಅದನ್ನು ಸಿದ್ಧಪಡಿಸಿಕೊಳ್ಳಬೇಕು. ಜೀವಕೋಶಗಳನ್ನೂ ಕೊಳದ ನೀರಿನ ಜೀವಿಗಳನ್ನೂ ತೋರಿಸುವುದು ಇದೇ.

ಈ ವ್ಯತ್ಯಾಸವನ್ನು ಅರಿಯದೆ ಸಂಯುಕ್ತ ಸೂಕ್ಷ್ಮದರ್ಶಕ ತಂದ ಮನೆಯಲ್ಲಿ ಮಗು ಮೊದಲು ಮಾಡುವ ಕೆಲಸವೆಂದರೆ ಸತ್ತ ಇರುವೆಯೊಂದನ್ನು ಹಿಡಿದು ಅದರಡಿ ಇಡುವುದು. ಕಾಣುವುದು ಇರುವೆಯ ಆಕಾರದ ಕಪ್ಪು ನೆರಳು, ಅದೂ ತಲೆಕೆಳಗಾಗಿ. ಎರಡು ದಿನಗಳಲ್ಲಿ ಉಪಕರಣ ಕಪಾಟು ಸೇರುತ್ತದೆ. ತಪ್ಪು ಮಗುವಿನದೂ ಅಲ್ಲ, ಉಪಕರಣದ್ದೂ ಅಲ್ಲ.

ಎಂಟು-ಹತ್ತು ವರ್ಷದೊಳಗಿನ ಮಕ್ಕಳಿಗೆ ಸ್ಟೀರಿಯೊ ಸೂಕ್ಷ್ಮದರ್ಶಕವೇ ಸರಿ ಎಂಬುದು ಈ ಲೇಖಕನ ಅಭಿಪ್ರಾಯ. ಅಂಗಳದಲ್ಲಿ ಸಿಕ್ಕಿದ್ದನ್ನು ತಂದು ಇಟ್ಟ ಕೂಡಲೇ ನೋಡಬಹುದು, ಬಿಂಬವೂ ನೇರವಾಗಿರುತ್ತದೆ, ಮಸೂರಕ್ಕೂ ವಸ್ತುವಿಗೂ ನಡುವೆ ಕೈಯಾಡಿಸಲು ಜಾಗವಿರುತ್ತದೆ. ಪ್ರೌಢಶಾಲೆಯ ವಿದ್ಯಾರ್ಥಿಗೆ ಮತ್ತು ಸ್ಲೈಡ್ ಮಾಡುವ ತಾಳ್ಮೆಯಿರುವ ದೊಡ್ಡವರಿಗೆ ಸಂಯುಕ್ತ ಸೂಕ್ಷ್ಮದರ್ಶಕ ಹೆಚ್ಚು ಕಾಲ ಬಾಳುವ ಆಯ್ಕೆ. ಯಾವುದೂ ತೀರ್ಮಾನವಾಗದಿದ್ದರೆ 10 ಪಟ್ಟು ಹಿಗ್ಗಿಸುವ ಕೈಮಸೂರವೊಂದನ್ನು ತಂದುಕೊಟ್ಟು ಮಗುವಿನ ಆಸಕ್ತಿ ಎತ್ತ ಹರಿಯುತ್ತದೆಂದು ಕೆಲವು ವಾರ ನೋಡುವುದರಲ್ಲಿ ನಷ್ಟವೇನಿಲ್ಲ.

ಹಂತ 2: ಡಬ್ಬಿಯ ಮೇಲಿನ ಸಂಖ್ಯೆಯನ್ನು ಬಿಡಿಸಿ ನೋಡಿ

ಸಂಯುಕ್ತ ಸೂಕ್ಷ್ಮದರ್ಶಕದ ಒಟ್ಟು ವರ್ಧನೆ ಎಂದರೆ ಎರಡು ಮಸೂರಗಳ ಗುಣಲಬ್ಧ. ಕಣ್ಣಿನ ಬಳಿ ಇರುವ ಐಪೀಸ್ 10 ಪಟ್ಟಿನದಾಗಿದ್ದು, ವಸ್ತುವಿನ ಬಳಿಯ ಆಬ್ಜೆಕ್ಟಿವ್‌ಗಳು 4, 10 ಮತ್ತು 40 ಪಟ್ಟಿನವಾಗಿದ್ದರೆ ದೊರೆಯುವುದು 40, 100 ಮತ್ತು 400 ಪಟ್ಟು. ಆರಂಭಿಕರಿಗೆ ಬೇಕಾದ್ದು ಇಷ್ಟೇ. 100 ಪಟ್ಟಿನ ನಾಲ್ಕನೆಯ ಆಬ್ಜೆಕ್ಟಿವ್ ಸ್ಲೈಡಿನ ಮೇಲೆ ಎಣ್ಣೆಯ ಹನಿ ಬಿಟ್ಟು ಬಳಸುವಂಥದ್ದು. ಬ್ಯಾಕ್ಟೀರಿಯಾ ನೋಡಲು ಅದು ಬೇಕು, ಆದರೆ ಒಳ್ಳೆಯ ಕಂಡೆನ್ಸರ್ (ಕೆಳಗಿನಿಂದ ಬರುವ ಬೆಳಕನ್ನು ವಸ್ತುವಿನ ಮೇಲೆ ಒಟ್ಟುಗೂಡಿಸುವ ಮಸೂರ) ಮತ್ತು ಪಳಗಿದ ಕೈ ಎರಡೂ ಇಲ್ಲದಿದ್ದರೆ ಅದರಿಂದ ಮಸುಕಲ್ಲದೆ ಬೇರೇನೂ ಸಿಗದು.

ಮಸೂರ ಎಷ್ಟು ಸೂಕ್ಷ್ಮವಾದ ವಿವರವನ್ನು ಬಿಡಿಸಿ ತೋರಿಸುತ್ತದೆ ಎಂಬುದನ್ನು ನಿರ್ಧರಿಸುವುದು ವರ್ಧನೆಯಲ್ಲ, ಅದು ಎಷ್ಟು ಅಗಲದ ಕೋನದಿಂದ ಬೆಳಕನ್ನು ಸಂಗ್ರಹಿಸುತ್ತದೆ ಎಂಬುದು. ಇದನ್ನು ಸೂಚಿಸುವ ಅಂಕಿಗೆ ನ್ಯೂಮರಿಕಲ್ ಅಪರ್ಚರ್ ಎನ್ನುತ್ತಾರೆ. ಜರ್ಮನಿಯ ಭೌತವಿಜ್ಞಾನಿ ಅರ್ನ್‌ಸ್ಟ್ ಆಬೆ 1873ರಲ್ಲಿ ತೋರಿಸಿಕೊಟ್ಟ ಮಿತಿ ಇಂದಿಗೂ ಸಾಮಾನ್ಯ ಸೂಕ್ಷ್ಮದರ್ಶಕಗಳಿಗೆ ಅನ್ವಯಿಸುತ್ತದೆ. ಆಬ್ಜೆಕ್ಟಿವ್‌ನ ಲೋಹದ ಕವಚವನ್ನು ಬೆಳಕಿಗೆ ಹಿಡಿದರೆ ಈ ಅಂಕಿ ಕೆತ್ತಿರುವುದು ಕಾಣುತ್ತದೆ: 4 ಪಟ್ಟಿನ ಮಸೂರಕ್ಕೆ 0.10, 10 ಪಟ್ಟಿನದಕ್ಕೆ 0.25, 40 ಪಟ್ಟಿನದಕ್ಕೆ 0.65 ಇರುವುದು ವಾಡಿಕೆ. ಈ ಅಂಕಿಯ ಸುಮಾರು ಸಾವಿರ ಪಟ್ಟಿನಾಚೆಗೆ ಎಷ್ಟು ಹಿಗ್ಗಿಸಿದರೂ ಹೊಸ ವಿವರ ಕಾಣುವುದಿಲ್ಲ. ಅಂದರೆ 0.65ರ ಮಸೂರಕ್ಕೆ 650 ಪಟ್ಟೇ ಗಡಿ. ಅದೇ ಮಸೂರಕ್ಕೆ 25 ಪಟ್ಟಿನ ಐಪೀಸ್ ಸಿಕ್ಕಿಸಿ 1000 ಪಟ್ಟು ಎಂದು ಡಬ್ಬಿಯ ಮೇಲೆ ಬರೆಯುವುದು ಲೆಕ್ಕಕ್ಕೆ ಸುಳ್ಳಲ್ಲ, ಆದರೆ ಸಣ್ಣ ಫೋಟೊವನ್ನು ಫೋನಿನಲ್ಲಿ ಎಳೆದೆಳೆದು ದೊಡ್ಡದು ಮಾಡಿದಂತೆ, ಕಾಣುವುದು ದೊಡ್ಡ ಮಸುಕು ಮಾತ್ರ. ಹಾಲೆಂಡಿನ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್ 1670ರ ದಶಕದಲ್ಲಿ ಏಕಕೋಶ ಜೀವಿಗಳನ್ನು ಕಂಡದ್ದು ತಾನೇ ರೂಪಿಸಿದ ಒಂಟಿ ಮಸೂರದಿಂದ. ಅವನ ಉಪಕರಣಗಳಲ್ಲಿ ಇಂದು ಉಳಿದಿರುವ ಅತಿ ಶಕ್ತವಾದದ್ದರ ವರ್ಧನೆ 270 ಪಟ್ಟಿನ ಆಸುಪಾಸು.

ಆಬ್ಜೆಕ್ಟಿವ್ ಮೇಲೆ ನ್ಯೂಮರಿಕಲ್ ಅಪರ್ಚರ್ ಕೆತ್ತಿಲ್ಲವಾದರೆ ಅದು ಆಟಿಕೆಯೆಂದು ತಿಳಿದು ಮುಂದಕ್ಕೆ ಹೋಗುವುದು ಒಳ್ಳೆಯದು. ಜತೆಗೆ 160/0.17 ಎಂಬ ಗುರುತಿದ್ದರೆ, ಅದು 160 ಮಿಲಿಮೀಟರ್ ಕೊಳವೆಗೆ ಹಾಗೂ 0.17 ಮಿಲಿಮೀಟರ್ ದಪ್ಪದ, ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜಾದ ಕವರ್ ಸ್ಲಿಪ್‌ಗೆ ಹೊಂದುವ ಪ್ರಮಾಣಿತ ಮಸೂರವೆಂದರ್ಥ. ಡಿಐಎನ್ ಮಾದರಿ ಎಂದು ಮಾರಾಟಗಾರರು ಹೇಳುವುದು ಇದನ್ನೇ. ಇಂಥ ಮಸೂರ ಕೆಟ್ಟರೆ ಬೇರೆ ತಯಾರಕರದ್ದನ್ನು ತಂದು ಕೂರಿಸಬಹುದು.

ಹಂತ 3: ದೇಹ, ಫೋಕಸ್, ಬೆಳಕು

ಪ್ಲಾಸ್ಟಿಕ್ ದೇಹದ ಉಪಕರಣದಲ್ಲಿ 400 ಪಟ್ಟಿಗೆ ಹೋದಾಗ ಮೇಜು ಮುಟ್ಟಿದರೂ ಬಿಂಬ ನಡುಗುತ್ತದೆ. ಲೋಹದ ದೇಹ ಭಾರವಾಗಿರುತ್ತದೆ, ಅದೇ ಅದರ ಗುಣ. ಫೋಕಸ್ ಮಾಡಲು ಎರಡು ನಾಬ್‌ಗಳಿರಬೇಕು. ಒಂದು ಸ್ಲೈಡ್ ಇಡುವ ತಟ್ಟೆಯನ್ನು ಬೇಗ ಏರಿಸಿ ಇಳಿಸಲು, ಇನ್ನೊಂದು ಕೂದಲೆಳೆಯಷ್ಟು ಸರಿಸಲು. 40 ಪಟ್ಟಿನ ಆಬ್ಜೆಕ್ಟಿವ್‌ಗೂ ಸ್ಲೈಡಿಗೂ ನಡುವೆ ಉಳಿಯುವ ಜಾಗ ಅರ್ಧ ಮಿಲಿಮೀಟರಿನ ಸುಮಾರಿನದು. ಸೂಕ್ಷ್ಮ ಫೋಕಸ್ ಇಲ್ಲದೆ ಅಲ್ಲಿ ಬಿಂಬವನ್ನು ಹಿಡಿದು ನಿಲ್ಲಿಸುವುದು ದೊಡ್ಡವರಿಗೂ ಕಷ್ಟ. ಆ ಆಬ್ಜೆಕ್ಟಿವ್‌ನ ತುದಿ ಸ್ಪ್ರಿಂಗಿನ ಮೇಲೆ ಒಳಸರಿಯುವಂತಿದ್ದರೆ ಸ್ಲೈಡಿಗೆ ತಾಗಿದರೂ ಎರಡೂ ಉಳಿಯುತ್ತವೆ.

ಬೆಳಕಿನ ವಿಷಯದಲ್ಲಿ ಕೊಳ್ಳುವವರು ಹೆಚ್ಚಾಗಿ ಎಲ್‌ಇಡಿ ಇದೆಯೇ ಎಂದಷ್ಟೇ ಕೇಳಿ ಸುಮ್ಮನಾಗುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ತಟ್ಟೆಯ ಕೆಳಗಿರುವ ಡಯಾಫ್ರಾಂ, ಅಂದರೆ ಬೆಳಕಿನ ಕಿಂಡಿಯನ್ನು ಹಿರಿದು ಕಿರಿದು ಮಾಡುವ ಸಾಧನ. ಈರುಳ್ಳಿಯ ಒಳಪೊರೆಯನ್ನು ಬಣ್ಣ ಹಾಕದೆ ನೀರಿನಲ್ಲಿಟ್ಟು, ಕಿಂಡಿಯನ್ನು ಪೂರ್ತಿ ತೆರೆದು ನೋಡಿದರೆ ಬಿಳಿಯ ಬೆಳಕಿನಲ್ಲಿ ಏನೋ ಇದ್ದಂತೆ ಅನ್ನಿಸುತ್ತದೆಯೇ ಹೊರತು ಸ್ಪಷ್ಟವಾಗಿ ಏನೂ ಕಾಣದು. ನೋಡುತ್ತಿರುವಂತೆಯೇ ಕಿಂಡಿಯನ್ನು ನಿಧಾನವಾಗಿ ಕಿರಿದು ಮಾಡುತ್ತ ಬಂದರೆ ಇಟ್ಟಿಗೆ ಜೋಡಿಸಿದಂಥ ಕೋಶಭಿತ್ತಿಗಳು ಒಂದೊಂದಾಗಿ ಗೆರೆ ಎಳೆದುಕೊಂಡು ಮೂಡುತ್ತವೆ. ತೀರಾ ಮುಚ್ಚಿದರೆ ಗೆರೆಗಳು ದಪ್ಪಗಾಗಿ ವಿವರ ಮತ್ತೆ ಅಳಿಸಿಹೋಗುತ್ತದೆ. ಈ ಹದ ಹಿಡಿಯಲು ಎಲೆಗಳಂತೆ ಮುಚ್ಚಿಕೊಳ್ಳುವ ಐರಿಸ್ ಡಯಾಫ್ರಾಂ ಮತ್ತು ಅದರ ಜತೆ ಕಂಡೆನ್ಸರ್ ಇರುವುದು ಉತ್ತಮ. ಬೇರೆ ಬೇರೆ ಅಳತೆಯ ರಂಧ್ರಗಳಿರುವ ತಿರುಗುವ ಬಿಲ್ಲೆಯಾದರೂ ನಡೆದೀತು. ಎರಡೂ ಇಲ್ಲದ್ದನ್ನು ಕೊಳ್ಳಬಾರದು.

ಕನ್ನಡಿಯ ಮೂಲಕ ಬೆಳಕು ಹಾಯಿಸುವ ಉಪಕರಣಗಳು ಅಗ್ಗವಾಗಿದ್ದು ವಿದ್ಯುತ್ತಿನ ಹಂಗಿಲ್ಲದೆ ಕೆಲಸ ಮಾಡುತ್ತವೆ. ಆದರೆ ಅವುಗಳ ಕನ್ನಡಿಯನ್ನು ನೇರ ಸೂರ್ಯನತ್ತ ತಿರುಗಿಸಿದರೆ ಕಣ್ಣಿನ ಅಕ್ಷಿಪಟಕ್ಕೆ ಶಾಶ್ವತ ಹಾನಿಯಾಗಬಹುದು. ಚಿಕ್ಕ ಮಕ್ಕಳಿರುವ ಮನೆಗೆ ಎಲ್‌ಇಡಿಯೇ ಕ್ಷೇಮ.

ಇನ್ನು ಒಂದು ಕಣ್ಣಿನದೋ ಎರಡು ಕಣ್ಣಿನದೋ ಎಂಬ ಪ್ರಶ್ನೆ. ಸಂಯುಕ್ತ ಸೂಕ್ಷ್ಮದರ್ಶಕದಲ್ಲಿ ಎರಡು ಕಣ್ಣಿನದು ಹಾಯೆನಿಸುತ್ತದೆ, ಆದರೆ ಆಳವನ್ನೇನೂ ತೋರಿಸುವುದಿಲ್ಲ. ಚಿಕ್ಕ ಮಕ್ಕಳ ಕಣ್ಣುಗಳ ನಡುವಿನ ಅಂತರಕ್ಕೆ ಅದು ಹೊಂದದೆಯೂ ಇರಬಹುದು. ಹಣ ಕಡಿಮೆಯಿದ್ದರೆ ಒಳ್ಳೆಯ ಮಸೂರವಿರುವ ಒಂಟಿ ಐಪೀಸಿನದನ್ನೇ ಆರಿಸಿ.

ಹಂತ 4: ಕೊಳ್ಳುವ ಮುನ್ನ ಪರೀಕ್ಷೆ

ಅಂಗಡಿಗೆ ಹೋಗುವಾಗ ಪತ್ರಿಕೆಯ ಬಣ್ಣದ ಚಿತ್ರವೊಂದರ ಚೂರನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಳ್ಳಿ. ಅದನ್ನು ಸ್ಲೈಡಿನ ಮೇಲಿಟ್ಟು, ಮೇಲಿನಿಂದ ಫೋನಿನ ಟಾರ್ಚ್ ಹಿಡಿದು 40 ಪಟ್ಟಿನಲ್ಲಿ ನೋಡಿದರೆ ಮುಖದ ಬಣ್ಣವೋ ಆಕಾಶದ ನೀಲಿಯೋ ಕರಗಿ, ತಿಳಿನೀಲಿ, ಕೆನ್ನೇರಳೆ, ಹಳದಿ, ಕಪ್ಪು ಚುಕ್ಕೆಗಳ ಸಾಲುಗಳಾಗಿ ಒಡೆಯುತ್ತವೆ. ನಡುವಿನ ಚುಕ್ಕೆಗಳು ಎಷ್ಟು ಚೂಪಾಗಿವೆ, ಅಂಚಿನವು ಎಷ್ಟು ಕದಡಿವೆ ಎಂಬುದನ್ನು ಗಮನಿಸಿ. ಅಂಚಿನಲ್ಲಿ ಸ್ವಲ್ಪ ಮಸುಕು ಅಗ್ಗದ ಮಸೂರಗಳಲ್ಲಿ ಸಹಜ. ಅರ್ಧಕ್ಕೂ ಹೆಚ್ಚು ಭಾಗ ಮಸುಕಾಗಿದ್ದರೆ ಅಥವಾ ಕಪ್ಪು ಚುಕ್ಕೆಗಳ ಸುತ್ತ ಕಾಮನಬಿಲ್ಲಿನ ಬಣ್ಣ ಎದ್ದು ಕಂಡರೆ ಬೇಡವೆನ್ನಿ. ಸಾಮಾನ್ಯ ಐಪೀಸ್‌ನಲ್ಲಿ 40 ಪಟ್ಟಿಗೆ ಕಾಣುವ ವೃತ್ತದ ಅಗಲ ಸುಮಾರು ನಾಲ್ಕೂವರೆ ಮಿಲಿಮೀಟರ್. ಸ್ಲೈಡಿನ ಕೆಳಗೆ ಪಾರದರ್ಶಕ ಅಳತೆಪಟ್ಟಿಯಿಟ್ಟು ಇದನ್ನೂ ಎಣಿಸಿಬಿಡಬಹುದು. ಕೊಳವೆಯ ತುದಿಯಿಂದ ಇಣುಕಿದಂತೆ ವೃತ್ತ ತೀರಾ ಚಿಕ್ಕದಾಗಿದ್ದರೆ ಮಕ್ಕಳು ಅದರಲ್ಲಿ ಬೇಗ ಬೇಸರಪಡುತ್ತಾರೆ.

ಬಳಿಕ ಅಂಗಡಿಯವರಲ್ಲಿರುವ ಸಿದ್ಧ ಸ್ಲೈಡೊಂದನ್ನು ಇಟ್ಟು 4ರಿಂದ 10ಕ್ಕೆ, 10ರಿಂದ 40ಕ್ಕೆ ಆಬ್ಜೆಕ್ಟಿವ್ ತಿರುಗಿಸಿ. ಪ್ರತಿ ಸಲವೂ ಟಕ್ ಎಂದು ಕೂರಬೇಕು, ನಡುವಿದ್ದ ವಸ್ತು ನಡುವೆಯೇ ಇರಬೇಕು, ಸೂಕ್ಷ್ಮ ಫೋಕಸನ್ನು ಸ್ವಲ್ಪ ತಿರುಗಿಸಿದರೆ ಸಾಕೆನ್ನುವಂತಿರಬೇಕು. ಫೋಕಸ್ ಮಾಡಿ ಕೈಬಿಟ್ಟು ಒಂದೆರಡು ನಿಮಿಷ ಕಾಯಿರಿ. ಬಿಂಬ ತಾನೇ ಮಸುಕಾದರೆ ತಟ್ಟೆ ತನ್ನ ಭಾರಕ್ಕೆ ಜಾರುತ್ತಿದೆ ಎಂದು ಅರ್ಥ. ಆನ್‌ಲೈನ್‌ನಲ್ಲಿ ಕೊಳ್ಳುವವರು ಹಿಂದಿರುಗಿಸುವ ಅವಧಿಯನ್ನು ಮೊದಲೇ ಓದಿಕೊಂಡು, ಡಬ್ಬಿ ಬಂದ ದಿನವೇ ಈ ಪರೀಕ್ಷೆಗಳನ್ನು ಮಾಡಿ ಮುಗಿಸಬೇಕು.

ಬಳಸಿದ ಉಪಕರಣ ಸಿಕ್ಕರೆ ಅದೇ ಹಣಕ್ಕೆ ಉತ್ತಮ ದರ್ಜೆಯದು ದೊರೆಯಬಹುದು. ಐಪೀಸ್ ತೆಗೆದು ಮಸೂರದ ಮೇಲೆ ಜೇಡರಬಲೆಯಂಥ ಶಿಲೀಂಧ್ರದ ಎಳೆಗಳಿವೆಯೇ ಎಂದು ನೋಡಿ. ಹಳೆಯ ಗ್ರೀಸ್ ಗಟ್ಟಿಯಾಗಿ ನಾಬ್ ಬಿಗಿದಿದೆಯೇ, ಅದಕ್ಕೆ ಹೊಂದುವ ಬಲ್ಬ್ ಇನ್ನೂ ಸಿಗುತ್ತದೆಯೇ ಎಂಬುದನ್ನೂ ವಿಚಾರಿಸಿ.

ಡಿಜಿಟಲ್ ಮತ್ತು ಕಾಗದದ ಉಪಕರಣಗಳು

ಕಂಪ್ಯೂಟರಿಗೆ ಸಿಕ್ಕಿಸುವ ಯುಎಸ್‌ಬಿ ಸೂಕ್ಷ್ಮದರ್ಶಕಗಳು 1000 ಪಟ್ಟು, 1600 ಪಟ್ಟು ಎಂದು ಹೇಳಿಕೊಳ್ಳುವುದು ಪರದೆಯ ಮೇಲೆ ಹಿಗ್ಗಿದ ಲೆಕ್ಕದಲ್ಲಿ. ಇವುಗಳನ್ನು ಸ್ಟೀರಿಯೊದ ಬಡ ಬಂಧು ಎಂದು ತಿಳಿದು ಕೊಂಡರೆ ನಿರಾಸೆಯಿಲ್ಲ. ಚರ್ಮ, ನಾಣ್ಯ, ಬಟ್ಟೆಗಳನ್ನು ಮನೆಮಂದಿಯೆಲ್ಲ ಒಟ್ಟಿಗೆ ನೋಡಬಹುದು, ಜೀವಕೋಶದ ವಿವರಕ್ಕೆ ಮಾತ್ರ ಅವು ಸಾಲವು. ಅತಿ ಕಡಿಮೆ ಖರ್ಚಿನ ದಾರಿಯೆಂದರೆ ಫೋಲ್ಡ್‌ಸ್ಕೋಪ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಸಂಗಡಿಗರು 2014ರಲ್ಲಿ ವಿವರಿಸಿದ ಈ ಮಡಿಸುವ ಕಾಗದದ ಉಪಕರಣ ಸುಮಾರು 140 ಪಟ್ಟು ಹಿಗ್ಗಿಸುತ್ತದೆ. ಅದನ್ನು ಕಣ್ಣಿಗೆ ಒತ್ತಿಹಿಡಿದು ಬೆಳಕಿನತ್ತ ನೋಡಲು ಅಭ್ಯಾಸ ಬೇಕು, ಆದರೆ ಹೊರಾಂಗಣಕ್ಕೆ ಜೇಬಿನಲ್ಲಿ ಒಯ್ಯಬಹುದಾದ ಅನುಕೂಲ ಬೇರೆ ಯಾವುದಕ್ಕೂ ಇಲ್ಲ.

ಹಂತ 5: ಜತೆಗೆ ಏನು ಕೊಳ್ಳಬೇಕು, ಹೇಗೆ ಇಡಬೇಕು

ಚಿಮುಟ, ಬಣ್ಣದ ಪುಡಿ, ಪ್ಲಾಸ್ಟಿಕ್ ಸ್ಲೈಡುಗಳೆಲ್ಲ ತುಂಬಿದ ದೊಡ್ಡ ಪೆಟ್ಟಿಗೆಗೆ ಮರುಳಾಗಬೇಕಿಲ್ಲ. ಬೇಕಾದ್ದು ಖಾಲಿ ಗಾಜಿನ ಸ್ಲೈಡುಗಳು, ಕವರ್ ಸ್ಲಿಪ್‌ಗಳ ಒಂದು ಡಬ್ಬಿ, ಒಂದು ಡ್ರಾಪರ್, ಅಯೋಡಿನ್ ಇಲ್ಲವೇ ಮೀಥಿಲೀನ್ ಬ್ಲೂ ದ್ರಾವಣ, ಮಸೂರ ಒರೆಸುವ ಕಾಗದ. ಹತ್ತಿಪ್ಪತ್ತು ಸಿದ್ಧ ಸ್ಲೈಡುಗಳಿದ್ದರೆ ಮೊದಲ ವಾರ ಫೋಕಸ್ ಕಲಿಯಲು ನೆರವಾಗುತ್ತವೆ. ಫೋನನ್ನು ಐಪೀಸಿಗೆ ಹಿಡಿದಿಡುವ ಕ್ಲಿಪ್ ಇದ್ದರೆ ಮಗು ಕಂಡದ್ದನ್ನೇ ದೊಡ್ಡವರೂ ನೋಡಿ ಮಾತಾಡಬಹುದು. ಬಣ್ಣದ ದ್ರಾವಣಗಳು ಬಟ್ಟೆಗೆ ತಾಗಿದರೆ ಹೋಗುವುದು ಕಷ್ಟ, ಅವನ್ನು ದೊಡ್ಡವರ ಕೈಯಲ್ಲೇ ಇಟ್ಟುಕೊಳ್ಳುವುದು ಲೇಸು.

ನೋಡುವಾಗ ಯಾವಾಗಲೂ ಕಡಿಮೆ ವರ್ಧನೆಯಿಂದ ಶುರು ಮಾಡಿ, 40 ಪಟ್ಟಿನ ಆಬ್ಜೆಕ್ಟಿವ್ ಬಂದ ಮೇಲೆ ದೊಡ್ಡ ನಾಬ್ ಮುಟ್ಟದಿರುವ ರೂಢಿಯನ್ನು ಮೊದಲ ದಿನದಿಂದಲೇ ಮಾಡಿಸಬೇಕು. ಮುಗಿದ ಮೇಲೆ 4 ಪಟ್ಟಿನ ಆಬ್ಜೆಕ್ಟಿವನ್ನು ಕೆಳಮುಖವಾಗಿಸಿ, ತಟ್ಟೆಯನ್ನು ಇಳಿಸಿ, ದೀಪ ಆರಿಸಿ, ಧೂಳಿನ ಹೊದಿಕೆ ಹಾಕಿ. ಸಾಗಿಸುವಾಗ ಒಂದು ಕೈ ತೋಳಿನ ಮೇಲೆ, ಇನ್ನೊಂದು ತಳದ ಕೆಳಗೆ ಇರಲಿ. ತೇವ ಹೆಚ್ಚಿರುವ ಕಡೆಗಳಲ್ಲಿ ಮುಚ್ಚಿದ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಟ್ಟು, ಪೊಟ್ಟಣಗಳನ್ನು ಆಗಾಗ ಬದಲಿಸುತ್ತಿದ್ದರೆ ಮಸೂರಕ್ಕೆ ಶಿಲೀಂಧ್ರ ಹತ್ತುವುದಿಲ್ಲ.